ಭಾನುವಾರದಿಂದ ತಮಟೆ ತರಗತಿ: ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 10ಕ್ಕೆ ನಮ್ಮೂರ ಶಾಲೆ ಅಂಗಳದಲ್ಲಿ ತಮಟೆ ತರಗತಿ ಶುರು. ಆಮೇಲೆ ಪ್ರತಿ ಭಾನುವಾರ ಇರುತ್ತದೆ. 10 ವರ್ಷ ದಾಟಿದ ಮಕ್ಕಳು ಬರಬಹುದು. ಹೆಣ್ಣುಮಕ್ಕಳನ್ನೂ ಕಳಿಸಿ. ಯಾವ ಕೇರಿಯ ಮಗು ಅಂತ ಯಾರೂ ಕೇಳಬಾರದು, ಇದನ್ನು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಯಿಂದಲೇ. ಆದರೂ ಜಾತ್ರೆಗೆ ನಾವು ಹೊರಗಿನಿಂದ ಡಿಜೆ ಕರೆಸುತ್ತೇವೆ. ಆ ದುಡ್ಡು ಊರು ಬಿಟ್ಟು ಹೋಗುತ್ತದೆ, ಅಲ್ವಾ? ನಮ್ಮವರೇ ಬಾರಿಸಿದರೆ ನಮ್ಮ ಮನೆಗಳಲ್ಲೇ ಉಳಿಯುತ್ತದೆ. ಬೇರೆ ಊರಿನ ಮೆರವಣಿಗೆಗಳಿಗೂ ಹೋಗಿ ದುಡಿಯಬಹುದು.

ಕಲಿಸುವವರು ಊರಿನ ಹಿರಿಯ ಕಲಾವಿದರು. ಅವರನ್ನು ಸುಮ್ನೆ ಕರೆಸುವುದು ಬೇಡ, ಸಂಭಾವನೆ ಕೊಡಲೇಬೇಕು. ಕೈಲಾದಷ್ಟು ಹಾಕಿ.

ಮನೆಯ ಅಟ್ಟದಲ್ಲಿ ಹಳೆ ತಮಟೆ ಇದ್ದರೆ ತನ್ನಿ. ಚರ್ಮ ಬಿಗಿಯಾಗಲು ಬೆಂಕಿಗೆ ಕಾಯಿಸಬೇಕು, ಒಣಹುಲ್ಲು ಬೇಕಾಗುತ್ತದೆ. ಕಾಯಿಸುವ ಕೆಲಸ ದೊಡ್ಡವರದ್ದು, ಮಕ್ಕಳು ದೂರ ಇರಲಿ.

ಶುಕ್ರವಾರ ಸಂಜೆಯೊಳಗೆ ಮಗುವಿನ ಹೆಸರು, ವಯಸ್ಸು ಇಲ್ಲೇ ಹಾಕಿ. ಹುಲ್ಲು ಯಾರು ತರುತ್ತೀರಿ, ಅದನ್ನೂ ತಿಳಿಸಿ.