ಹಳೆಯ ಹಾಡಿನ ಹಂಬಲ ಮನೆಯ ಕ್ಯಾಸೆಟ್ಟುಗಳ ಕಡೆಗೂ ಹರಿಯಲಿ

ಮಾನ್ಯ ಸಂಪಾದಕರೇ,

ಕಾಲೇಜುಗಳಲ್ಲಿ ಈಚೆಗೆ ‘ರೆಟ್ರೊ ಡೇ’ ಆಚರಿಸುವುದು ರೂಢಿಯಾಗಿದೆ. ಬೆಲ್ ಬಾಟಂ ಪ್ಯಾಂಟು, ಅಗಲ ಕಾಲರಿನ ಅಂಗಿ, ಪಫ್ ತೋಳಿನ ರವಿಕೆ, ಜೊತೆಗೆ ಎಂಬತ್ತರ ದಶಕದ ಚಿತ್ರಗೀತೆ. ಅದನ್ನು ಕಂಡ ನನ್ನ ವಯಸ್ಸಿನವರು ‘ನಮ್ಮ ಕಾಲವೇ ಕಾಲ’ ಎಂದು ನಿಟ್ಟುಸಿರು ಬಿಡುವುದೂ ಅಷ್ಟೇ ರೂಢಿಯಾಗಿದೆ. ಆ ದಶಕದಲ್ಲಿ ಶಿರಸಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ನನಗೆ ಈ ಹಂಬಲ ಚೆನ್ನಾಗಿಯೇ ಅರ್ಥವಾಗುತ್ತದೆ. ಅದು ಹರಿಯುತ್ತಿರುವ ದಿಕ್ಕಿನ ಬಗ್ಗೆ ಮಾತ್ರ ನನ್ನ ತಕರಾರು.

ಉಡುಪಿನ ವಿಚಾರವನ್ನೇ ಮೊದಲು ಹೇಳುವುದಾದರೆ, ನಾವೆಲ್ಲ ಸಿನಿಮಾ ನೋಡಿ ಬಟ್ಟೆ ಹೊಲಿಸಿದೆವು ಎಂಬುದು ಅರ್ಧ ಸತ್ಯ. ಟೆರಿಕಾಟ್ ನಮ್ಮ ಕಡೆ ಅಷ್ಟೊಂದು ಪ್ರಿಯವಾದದ್ದಕ್ಕೆ ಘಟ್ಟದ ಮಳೆಯೂ ಕಾರಣ. ಆಷಾಢದಲ್ಲಿ ಹತ್ತಿಯ ಬಟ್ಟೆಯನ್ನು ಬಚ್ಚಲೊಲೆಯ ಮೇಲಿನ ಗಳಕ್ಕೆ ಎಷ್ಟು ಹೊತ್ತು ಹರವಿದರೂ ಹಸಿ ಆರುತ್ತಿರಲಿಲ್ಲ, ಮೇಲಿಂದ ಹೊಗೆಯ ವಾಸನೆ ಬೇರೆ. ಹೆಚ್ಚು ನೀರು ಹೀರದ ಪಾಲಿಯೆಸ್ಟರ್ ಬೆರಕೆಯ ಬಟ್ಟೆಯಾದರೋ ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆ ತೊಡುವಂತಾಗಿರುತ್ತಿತ್ತು. ವರ್ಷ ಬಿಟ್ಟು ವರ್ಷ ನಡೆಯುವ ಮಾರಿಕಾಂಬಾ ಜಾತ್ರೆ ಹತ್ತಿರವಾದಂತೆ ದರ್ಜಿಗಳಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಬೆಲ್ ಬಾಟಮಿನ ಅಂಚು ನೆಲಕ್ಕೆ ಉಜ್ಜಿ ಸವೆಯದಿರಲೆಂದು ಒಳಬದಿಗೆ ಝಿಪ್ ಪಟ್ಟಿ ಹೊಲಿಸಿಕೊಂಡ ಅಣ್ಣಂದಿರು ಮಳೆಗಾಲದ ಕೆಸರಿನಲ್ಲಿ ಅದೇ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ಓಡಾಡುತ್ತಿದ್ದರು! ನಾವು ಹುಡುಗಿಯರು ಲಂಗ–ದಾವಣಿ ಬಿಟ್ಟು ಚೂಡಿದಾರ ತೊಟ್ಟಾಗ ಹಿರಿಯರು ಆಡಿದ ಮಾತುಗಳನ್ನೇ ಈಗ ನನ್ನ ಓರಗೆಯವರು ಹರಿದ ಜೀನ್ಸ್ ಕಂಡು ಆಡುತ್ತಿದ್ದಾರೆ. ಬಟ್ಟೆಯ ಬಗ್ಗೆ ಇದಕ್ಕಿಂತ ಹೆಚ್ಚು ಚಿಂತಿಸಬೇಕಾದ್ದೇನೂ ಇಲ್ಲ.

ಹಾಡಿನ ಸಂಗತಿ ಹಾಗಲ್ಲ. ಹೊನ್ನಾವರದ ನೆಲದವರೆಂದು ನಾವು ಅಭಿಮಾನಪಡುವ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರದ ಹಾಡುಗಳಿಗಾಗಿ ರೇಡಿಯೊದ ಮುಂದೆ ಕಾದು ಕೂತವರು ನಾವು. 1981ರ ಆ ಹಾಡುಗಳು ಇಂದು ಯಾವ ಮೊಬೈಲಿನಲ್ಲಾದರೂ ಕ್ಷಣದಲ್ಲಿ ಸಿಗುತ್ತವೆ. ಅವುಗಳ ಉಳಿವಿಗೆ ನಮ್ಮ ನಿಟ್ಟುಸಿರಿನ ಹಂಗಿಲ್ಲ. ಟೇಪ್ ರೆಕಾರ್ಡರಿನಲ್ಲಿ ನಾವೇ ಮುದ್ರಿಸಿಕೊಂಡದ್ದು ಮಾತ್ರ ಬೇರೆಲ್ಲಿಯೂ ಇಲ್ಲ. ರಂಗಸ್ಥಳದ ಬದಿಯಲ್ಲಿ ಕೂತು, ಅರ್ಧ ಗಂಟೆಗೊಮ್ಮೆ ಕ್ಯಾಸೆಟ್ಟಿನ ಮಗ್ಗುಲು ಬದಲಿಸುತ್ತ, ಬೆಳಗಿನವರೆಗೆ ಯಕ್ಷಗಾನ ಮುದ್ರಿಸಿಕೊಂಡವರು ನಮ್ಮ ಊರುಗಳಲ್ಲಿದ್ದರು. ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅಂಥ ಮುದ್ರಿಕೆಗಳ ಬೆಲೆ ಎಲ್ಲರಿಗೂ ಗೊತ್ತಾಯಿತು. ಹವ್ಯಕರ ಮದುವೆ ಮನೆಯ ಹಾಡು, ಹಾಲಕ್ಕಿಗಳ ಸುಗ್ಗಿಯ ಪದ, ಊರ ಭಜನೆ, ಎಲ್ಲವೂ ಹೀಗೆ ಯಾರ್ಯಾರದೋ ಅಟ್ಟದ ಮೇಲಿವೆ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ಅಗಲಿದಾಗ ನಾಡು ನೆನೆಯಿತು. ಹೆಸರು ಊರಾಚೆಗೆ ದಾಟದ ಎಷ್ಟೋ ಹಾಡುಗಾರ್ತಿಯರ ದನಿಗೆ ಆ ಒಂದು ಕ್ಯಾಸೆಟ್ಟೇ ಆಸರೆ.

ಕ್ಯಾಸೆಟ್ಟಿನ ಬೆನ್ನಿಗಿದ್ದ ಪುಟ್ಟ ಪ್ಲಾಸ್ಟಿಕ್ ಎಸಳನ್ನು ಮುರಿದರೆ ಅದರ ಮೇಲೆ ಮತ್ತೊಂದನ್ನು ಮುದ್ರಿಸಲಾಗುತ್ತಿರಲಿಲ್ಲ. ಆದರೆ ಆ ಕಿಂಡಿಗೆ ಕಾಗದ ತುರುಕಿ, ಅಜ್ಜಿಯ ಹಾಡಿನ ಮೇಲೆ ಚಿತ್ರಗೀತೆ ತುಂಬಿಸಿದ ಮನೆಗಳೂ ಇವೆ. ಉಳಿದವನ್ನು ನಮ್ಮ ಹವೆಯ ತೇವವೇ ತಿನ್ನುತ್ತಿದೆ. ಕ್ಯಾಸೆಟ್ಟಿನ ಗಾಜಿನಂಥ ಕಿಟಕಿಯಲ್ಲಿ ನೋಡಿದರೆ ಕಂದು ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿರುವುದು ಕಾಣುತ್ತದೆ. ಅದನ್ನು ಸ್ವಚ್ಛಗೊಳಿಸದೆ ಯಂತ್ರಕ್ಕೆ ಹಾಕಿದರೆ ಬೂಷ್ಟು ಯಂತ್ರದ ಹೆಡ್ಡಿಗೂ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ಟೇಪು 60 ನಿಮಿಷದ್ದಕ್ಕಿಂತ ತೆಳು; ಸಿಕ್ಕು ಬೀಳುವುದೂ ಬೇಗ. ಮೇಲಾಗಿ, ಸಾಮಾನ್ಯ ಯಂತ್ರದಲ್ಲಿ ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು. ಕೆಟ್ಟರೆ ಹಳೆಯ ಯಂತ್ರವನ್ನು ದುರಸ್ತಿ ಮಾಡುವವರು ಸಿಗುವುದೂ ದುಸ್ತರವಾಗಿರುವಾಗ ಇದು ಒಂದೊಂದು ಮನೆಯವರು ಬಿಡಿಬಿಡಿಯಾಗಿ ಮಾಡಿ ಮುಗಿಸುವ ಕೆಲಸವಲ್ಲ.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕಾರವಾರ ಆಕಾಶವಾಣಿ, ಯಕ್ಷಗಾನ ಮತ್ತು ಜಾನಪದ ಅಕಾಡೆಮಿಗಳು ಕೂಡಿ ಘಟ್ಟದ ಮೇಲೊಂದು, ಕರಾವಳಿಯಲ್ಲೊಂದು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೇಂದ್ರವನ್ನು ಗ್ರಂಥಾಲಯದ ಒಂದು ಕೋಣೆಯಲ್ಲಾದರೂ ತೆರೆಯಬೇಕೆಂದು ಕೋರುತ್ತೇನೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇರುವಾಗ ತಿಳಿದವರ ಸಹಾಯಕ್ಕೆ ದೂರ ಹೋಗಬೇಕಿಲ್ಲ. ‘ರೆಟ್ರೊ ಡೇ’ಗೆ ಉತ್ಸಾಹದಿಂದ ಸಿದ್ಧರಾಗುವ ವಿದ್ಯಾರ್ಥಿಗಳು ಊರೂರಿನ ಕ್ಯಾಸೆಟ್ಟುಗಳ ಪಟ್ಟಿ ಮಾಡಬಲ್ಲರು. ಹಾಡಿದವರು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಎಂಬುದನ್ನು ಹಿರಿಯರಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ಮೂಲ ಕ್ಯಾಸೆಟ್ಟು ಮನೆಯವರಿಗೇ ಮರಳುತ್ತದೆ ಎಂದು ಮೊದಲೇ ಲಿಖಿತವಾಗಿ ತಿಳಿಸಿದರೆ ಕೊಡಲು ಹಿಂಜರಿಯುವವರು ಕಡಿಮೆ.

ಇತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬರು,
ಶಿರಸಿ