ಬುದ್ಧಿ ಇದೆ, ಮನಸ್ಸಿಲ್ಲ?

ಮಾನ್ಯ ಸಂಪಾದಕರೇ,

ಬಸಿರಿನಲ್ಲಿ ಮಾದಕ ವಸ್ತು ಸೇವಿಸಿದರೆ ಮಗುವಿಗೆ ಏನಾಗುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಹೆರಾಯಿನ್, ಕೊಕೇನ್‌ಗೆ ಮುಕ್ಕಾಲು ಪುಟ, ಮದ್ಯಕ್ಕೆ ಒಂದೇ ಸಾಲು. ಮಿದುಳಿಗೆ ತಗಲುವ ಶಾಶ್ವತ ಪೆಟ್ಟನ್ನು ಲೆಕ್ಕ ಹಿಡಿದರೆ ಆ ಅಳತೆ ತಿರುವುಮುರುವಾಗಬೇಕಿತ್ತು.

ಕಲಿಕೆ ಕಷ್ಟವಾಗುವ ಮಕ್ಕಳಿಗೆ ಹತ್ತೊಂಬತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಹನ್ನೊಂದರ ಹುಡುಗನೊಬ್ಬ ಸೋಮವಾರ ದಶಕ ಎರವಲು ಪಡೆದು ಕಳೆಯುವ ಲೆಕ್ಕವನ್ನು ಸಲೀಸಾಗಿ ಮಾಡಿದ. ಮಂಗಳವಾರ ಅದೇ ಲೆಕ್ಕದ ಮುಂದೆ, ಜೀವಮಾನದಲ್ಲಿ ಕಂಡೇ ಇಲ್ಲವೆಂಬಂತೆ ಪೆನ್ಸಿಲ್ ಕಚ್ಚುತ್ತ ಕುಳಿತ. ಗುರುವಾರ ಮತ್ತೆ ಬಂತು! ಗಡಿಯಾರ ನೋಡಿ ಗಂಟೆ ಹೇಳುತ್ತಾನೆ. ‘ಹತ್ತು ನಿಮಿಷ ಬಿಟ್ಟು ಬಾ’ ಎಂದರೆ ಮಾತ್ರ ಅರೆ ನಿಮಿಷಕ್ಕೂ ಬಂದಾನು, ಒಂದು ಗಂಟೆಗೂ ಬಂದಾನು. ಹಿಂದಿನ ಶಾಲೆಯವರು ಅವನ ವರದಿಯಲ್ಲಿ ‘ಬುದ್ಧಿ ಇದೆ, ಮನಸ್ಸಿಲ್ಲ’ ಎಂದು ಬರೆದಿದ್ದರು. ನಾನೂ ಹಾಗೆಯೇ ನಂಬಿ ವರ್ಷವಿಡೀ ಗದರಿದ್ದೇನೆ. ಅದು ಈಗಲೂ ಚುಚ್ಚುತ್ತದೆ.

ಒಂದು ಸಂಜೆ ಅವನ ತಾಯಿ ಚೀಲದ ಹಿಡಿಯನ್ನು ತಿರುಚುತ್ತ ಹೇಳಿದರು: ‘ಬಸಿರೆಂದು ತಿಳಿಯುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಆಮೇಲೂ ಕುಡಿತ ಪೂರ್ತಿ ಬಿಡಲಾಗಲಿಲ್ಲ.’ ಅಲ್ಲಿಯವರೆಗೆ ಯಾವ ವೈದ್ಯರೂ ಅದನ್ನು ಕೇಳಿರಲಿಲ್ಲ. ಹುಡುಗನ ಮುಖದಲ್ಲಿ ಗುರುತೇ ಇರಲಿಲ್ಲವಲ್ಲ! ಅಮೆರಿಕದ ಸಿಯಾಟಲ್‌ನ ವೈದ್ಯರು 1973ರಲ್ಲಿ, ಬಸಿರಿನಲ್ಲಿ ಕುಡಿದ ಮದ್ಯದಿಂದ ಮಗುವಿಗಾಗುವ ಈ ತೊಂದರೆಗೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟಂದಿನಿಂದ ಎಲ್ಲರೂ ಮುಖವನ್ನೇ ನೋಡುತ್ತಾರೆ: ಕಿರಿದಾದ ಕಣ್ಣು, ತೆಳ್ಳನೆಯ ಮೇಲ್ತುಟಿ, ಮೂಗಿನ ಕೆಳಗಿನ ತಗ್ಗು ಮಟ್ಟಸ. ಆದರೆ ಮುಖ ರೂಪುಗೊಳ್ಳುವುದು ಗರ್ಭದ ಆರಂಭದ ಕೆಲವೇ ವಾರಗಳಲ್ಲಿ, ಮಿದುಳು ಬೆಳೆಯುವುದು ಒಂಬತ್ತು ತಿಂಗಳೂ. ಬಾಧಿತ ಮಕ್ಕಳಲ್ಲಿ ಹೆಚ್ಚಿನವರ ಮುಖ ಎಲ್ಲರ ಹಾಗೆಯೇ ಇರುತ್ತದೆ. ತಾಯಿಯ ರಕ್ತದಲ್ಲಿರುವ ಮದ್ಯ ಮಾಸನ್ನು (ಪ್ಲಾಸೆಂಟಾ) ದಾಟಿ ಕೂಸಿಗೆ ಹೋಗುತ್ತದೆ. ಅದನ್ನು ಕರಗಿಸುವ ಬಲ ಭ್ರೂಣದ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ವೈನಾದರೇನು, ಬಿಯರಾದರೇನು, ಒಳಗಿರುವುದು ಅದೇ ಮದ್ಯ.

ಹೆರಾಯಿನ್ ಸೇವಿಸಿದವರ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ನಡುಗುತ್ತದೆ, ಕೀರಲು ದನಿಯಲ್ಲಿ ಅಳುತ್ತದೆ, ಹಾಲು ಕುಡಿಯಲು ಒದ್ದಾಡುತ್ತದೆ. ನೋಡಲಾಗದ ಸಂಕಟ ನಿಜ. ಆದರೆ ಅದು ಕಣ್ಣಿಗೆ ಬೀಳುತ್ತದೆ, ಚಿಕಿತ್ಸೆಯೂ ಇದೆ. ಮದ್ಯದ ಪೆಟ್ಟು ಶಾಲೆಗೆ ಬಂದ ಮೇಲೆ ಹಟ, ಸೋಮಾರಿತನ, ಸುಳ್ಳು ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಿಮ್ಮ ಲೇಖನದ ‘ತಾಯಂದಿರ ಪಾಪ’ ಎಂಬ ಮಾತಿಗೆ ನನ್ನ ತಕರಾರಿದೆ. ಅದನ್ನು ಓದಿದ ಯಾವ ಹೆಂಗಸು ವೈದ್ಯರೆದುರು ಬಾಯಿ ಬಿಟ್ಟಾಳು? ಚಟ ಅಂಟಿದವಳು ಹೆದರಿ ಒಮ್ಮೆಲೇ ಎಲ್ಲ ಬಿಟ್ಟರೆ ತಾಯಿಗೂ ಅಪಾಯ, ಕೂಸಿಗೂ ಅಪಾಯ. ಬಿಡಿಸಲು ವೈದ್ಯರೇ ಬೇಕು. ಆ ತಾಯಿ ಅಂದು ಬಾಯಿ ಬಿಟ್ಟಿದ್ದರಿಂದಲೇ ಹುಡುಗನ ಮೇಜಿನ ಮೇಲೆ ಈಗ ಮರಳು ಗಡಿಯಾರವಿದೆ, ಲೆಕ್ಕದ ಒಂದೊಂದು ಮೆಟ್ಟಿಲನ್ನೂ ಚಿತ್ರವಾಗಿಸಿದ ಚೀಟಿಯಿದೆ. ಮಂಗಳವಾರ ಮರೆತರೆ ಚೀಟಿಯನ್ನು ಅವನತ್ತ ಸರಿಸುತ್ತೇನೆ.

– ಒಬ್ಬ ವಿಶೇಷ ಶಿಕ್ಷಕಿ