ಅಜ್ಜನ ಸೋಮವಾರಗಳು

ಪ್ರೀತಿಯ ತಂಗಿ,

ನಿನ್ನ ಅಜ್ಜನ ಮೇಲೆ ನೀನು ಬರೆದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಜೊತೆಗಿಟ್ಟ ಚೀಟಿಯನ್ನು ಅದಕ್ಕಿಂತ ಹೆಚ್ಚು ಸಲ ಓದಿದೆ. ‘ಅಜ್ಜ 91 ವರ್ಷ ಬದುಕಿದರು, 38 ವರ್ಷ ಗೋಕಾಕದ ನೂಲಿನ ಗಿರಣಿಗೆ ಹೋಗಿಬಂದರು, ಆರು ಮಕ್ಕಳನ್ನು ದಡ ಮುಟ್ಟಿಸಿದರು. ಬರೆಯುವಂಥದ್ದು ಏನೂ ನಡೆಯಲೇ ಇಲ್ಲ. ಒಲೆಗೆ ಹಾಕಲೇ?’ ಎಂದು ಕೇಳಿದ್ದೀಯ. ಹಾಕಬೇಡ.

ಅಧ್ಯಾಯ ಎಷ್ಟಿರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಎಂಬುದನ್ನೆಲ್ಲ ಬದಿಗಿಡುತ್ತೇನೆ. ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ತಕರಾರು ಬೇರೆ. ಪುಟಪುಟದಲ್ಲೂ ಅಜ್ಜನನ್ನು ಹೊಗಳಿದ್ದೀಯ. ಅವರ ಕೈ ದಿನವಿಡೀ ಏನು ಮಾಡುತ್ತಿತ್ತು ಎಂಬುದು ಒಂದು ಪುಟದಲ್ಲೂ ಇಲ್ಲ.

ಗೋಕಾಕ ಜಲಪಾತಕ್ಕೆ ಮೂರು ಪುಟ ಕೊಟ್ಟಿದ್ದೀಯ. 52 ಮೀಟರ್ ಎತ್ತರ, ತೂಗುಸೇತುವೆ, ಮಳೆಗಾಲದ ಕೆನ್ನೀರು, ಎಲ್ಲವೂ ಪ್ರವಾಸಕ್ಕೆ ಬಂದವರು ಬರೆದಂತಿದೆ. ಆ ಊರಿನವರಿಗೆ ಅದು 1887ರಿಂದ ಗಿರಣಿ ನಡೆಸಿದ ನೀರು. ಪಾಳಿ ಮುಗಿಸಿ ಬರುವಾಗ ಅಜ್ಜ ಅದರತ್ತ ತಿರುಗಿಯಾದರೂ ನೋಡುತ್ತಿದ್ದರೇ? ಗೊತ್ತಿದ್ದರೆ ಬರೆ. ಇಲ್ಲವಾದರೆ ಆ ಮೂರು ಪುಟ ತೆಗೆದುಬಿಡು.

‘ಬೆವರಿನಿಂದ ಬದುಕನ್ನು ನೇಯ್ದರು’ ಎನ್ನುತ್ತೀಯ. ಅಜ್ಜ ನೇಯಲಿಲ್ಲ ತಂಗಿ. ನೀನೇ ಇನ್ನೊಂದು ಕಡೆ ಬರೆದಿರುವಂತೆ ಅವರು ನೂಲುವ ಯಂತ್ರದಲ್ಲಿ, ರಿಂಗ್ ಫ್ರೇಮ್‌ನಲ್ಲಿದ್ದವರು, ನೂಲು ತೆಗೆಯುತ್ತಿದ್ದವರು.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಅಪ್ಪನೂ ನೂಲಿನ ಗಿರಣಿಯವರು, ಊರು ಬೇರೆ. ನನ್ನ 26ನೆಯ ವಯಸ್ಸಿನಲ್ಲಿ ಅವರ ಮೇಲೊಂದು ಕಥೆ ಬರೆದು ಅವರ ಕೈಗೆ ನೇಕಾರರ ಮಗ್ಗದ ಲಾಳಿ ಕೊಟ್ಟೆ. ಅತ್ತಿಂದಿತ್ತ ಓಡುವ ಆ ಲಾಳಿಯೇ ಬಡವನ ಬದುಕು ಎಂದು ವಿಮರ್ಶಕರು ಕೊಂಡಾಡಿದರು. ಬಹುಮಾನವೂ ಬಂತು. ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ನಮ್ಮ ಗಿರಣಿಯಲ್ಲಿ ಲಾಳಿಯೇ ಇರಲಿಲ್ಲ’ ಎಂದರು. ಹೊಗಳಿಕೆ ಕಿವಿ ತುಂಬಿದ್ದ ಕಾಲ ಅದು. ‘ಹಾಗಾದರೆ ಏನಿತ್ತು, ಹೇಳು’ ಎಂದು ನಾನು ಕೇಳಲಿಲ್ಲ. ನಾಲ್ಕು ವರ್ಷಕ್ಕೆ ಅವರು ಹೋದರು.

ಏನಿತ್ತು ಎಂಬುದನ್ನು ಬಹಳ ತಡವಾಗಿ ಅಪ್ಪನ ಜೊತೆಗಾರರೊಬ್ಬರಿಂದ ತಿಳಿದೆ. ನೂರಾರು ಕದಿರುಗಳ ಸಾಲುಗಳ ನಡುವೆ ಪಾಳಿಯುದ್ದಕ್ಕೂ ನಡೆಯುತ್ತಲೇ ಇರಬೇಕು. ಎಳೆ ಕಡಿದರೆ ಗಂಟು ಹಾಕುವುದಿಲ್ಲ. ಬಾಬಿನ್‌ನಿಂದ ತುದಿ ಎಳೆದು, ಟ್ರಾವಲರ್ ಎಂಬ ಪುಟ್ಟ ಕೊಂಡಿಗೆ ಸಿಕ್ಕಿಸಿ, ರೋಲರ್‌ನಿಂದ ಇಳಿಯುವ ನಾರಿಗೆ ತಾಗಿಸಿದರೆ ಸಾಕು, ಕದಿರಿನ ಸುತ್ತೇ ಎರಡನ್ನೂ ಹೊಸೆದು ಒಂದು ಮಾಡುತ್ತದೆ. ಅವರು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ಕಣ್ಣಿಗೆ ಸಿಗದಷ್ಟು ಬೇಗ. ಮೂರು ಸಲ ಮಾಡಿಸಿ ನೋಡಿದೆ. ಇದನ್ನು ಬರೆದು ಕಳಿಸಿದಾಗ ಒಬ್ಬ ಸಂಪಾದಕರು ‘ಯಂತ್ರದ ಪಾಠ ಯಾರಿಗೆ ಬೇಕು’ ಎಂದು ಕತ್ತರಿಸಿ ಹಾಕಿದರು. ಅವರು ತೀರಿಕೊಂಡು ವರ್ಷಗಳಾದವು, ನನ್ನ ಸಿಟ್ಟು ಇಳಿದಿಲ್ಲ. ನಿನಗೂ ಯಾರಾದರೂ ಹಾಗೆ ಹೇಳುತ್ತಾರೆ. ಒಪ್ಪಬೇಡ.

ಈಗ 61ನೆಯ ಪುಟಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ. ‘ಸೋಮವಾರ ಶಿವನ ವಾರವೆಂದು ಅಜ್ಜ ಹೆಚ್ಚು ಮಾತಾಡುತ್ತಿರಲಿಲ್ಲ. ಪಾಳಿಯಿಂದ ಬಂದು ಕಟ್ಟೆಯ ಮೇಲೆ ಬಹಳ ಹೊತ್ತು ಕೂರುತ್ತಿದ್ದರು, ಅರ್ಧ ಊಟಕ್ಕೇ ಏಳುತ್ತಿದ್ದರು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ನನ್ನ ಎದೆ ಧಸಕ್ಕೆಂದಿತು. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ, ಉಸಿರು ಸಾಲದಾಗುತ್ತದೆ. ಮೊದಮೊದಲು ವಾರದ ಮುಂದಿನ ದಿನಗಳಲ್ಲಿ ಅದು ಸಡಿಲವಾಗುತ್ತದೆ. ವೈದ್ಯರು ಅದನ್ನು ಬಿಸಿನೋಸಿಸ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಧೂಳಿಗೆಂದು ಅವ್ವ ಅಪ್ಪನ ಬುತ್ತಿಯಲ್ಲಿ ಇಡುತ್ತಿದ್ದ ಬೆಲ್ಲದ ತುಂಡು ಇತ್ತು, ಅಷ್ಟೇ.

ನಿನ್ನ ಅಜ್ಜನದು ಭಕ್ತಿಯೇ ಇರಬಹುದು. ಎರಡೂ ಇದ್ದಿರಬಹುದು. ಮಕ್ಕಳು ಹೆದರಬಾರದೆಂದು ಶಿವನ ಹೆಸರು ಹೇಳಿದ್ದರೂ ಹೇಳಿರಬಹುದು. ಹಾಗಿದ್ದರೆ ಆ ಸಂಸಾರಿಯನ್ನು ನೀನು ಹನ್ನೊಂದು ಸಲ ‘ತ್ಯಾಗಮೂರ್ತಿ’ ಎಂದು ಕರೆದು ಮುಚ್ಚಿಟ್ಟಿದ್ದೀಯ. ಹೌದು, ಎಣಿಸಿದೆ.

ಪಕ್ಕದಲ್ಲಿ ಮಲಗುತ್ತಿದ್ದ ಅಜ್ಜಿ ಆ ಉಸಿರನ್ನು ಕೇಳಿರುತ್ತಾರೆ. ಅವರ ಹತ್ತಿರ ಕೂತು ವಿಚಾರಿಸು. ಗಿರಣಿಗೆ ವಾರದ ರಜೆ ಯಾವ ದಿನವಿತ್ತು? ಸೋಮವಾರ ರಾತ್ರಿ ಅಜ್ಜ ಮಲಗುತ್ತಿದ್ದರೋ, ಗೋಡೆಗೊರಗಿ ಕೂರುತ್ತಿದ್ದರೋ? ಕೆಲಸದಿಂದ ನಿವೃತ್ತರಾದ ಮೇಲೂ ಸೋಮವಾರ ಅರ್ಧ ಊಟವೇ ಇತ್ತೇ?

ಅಜ್ಜಿಗೆ ಈಗ 86 ಎಂದು ಬರೆದಿದ್ದೀಯ. ತಿದ್ದುವ ಕೆಲಸ ಆಮೇಲೆ ಆಗಲಿ, ಈ ವಾರವೇ ಗೋಕಾಕದ ಬಸ್ ಹತ್ತು.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ